ಗಡಿಯಾರ ನೋಡಿ ಕೊಟ್ಟ ಮಾರ್ಫೀನ್: ಅಪ್ಪನ ನೋವು ಹಿಡಿತಕ್ಕೆ ಬಂದ ಬಗೆ

ಅಪ್ಪನ ಕ್ಯಾನ್ಸರ್ ನೋವಿಗೆ ಮಾರ್ಫೀನ್, ಅಂದರೆ ಅಫೀಮಿನಿಂದ ಬರುವ ಬಲವಾದ ನೋವಿನ ಔಷಧಿ, ಎಷ್ಟು ಮಿಲಿಗ್ರಾಂ ಕೊಡುತ್ತಿದ್ದೆವು ಅಂತ ತುಂಬಾ ಜನ ಕೇಳಿದ್ದಾರೆ. ಯಾರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಒಬ್ಬರಿಗೆ ನಿದ್ದೆ ತರಿಸುವ ಅಳತೆ ಇನ್ನೊಬ್ಬರ ಉಸಿರನ್ನೇ ನಿಲ್ಲಿಸಬಹುದು. ನಿಮ್ಮ ಅಳತೆ ನಿಮ್ಮ ಡಾಕ್ಟರ ಚೀಟಿಯಲ್ಲಿದೆ. ಉಳಿದದ್ದನ್ನು ಬರೆಯುತ್ತೇನೆ. ಹೊತ್ತು ಹೇಗೆ ಕಾಯ್ದೆವು, ಏನೇನು ಬರೆದಿಟ್ಟೆವು, ದುಡ್ಡು ಎಲ್ಲಿ ಸೋರಿತು, ಯಾವುದು ಕೈಕೊಟ್ಟಿತು, ಎಲ್ಲ.

ಅಪ್ಪನದು ಪ್ರಾಸ್ಟೇಟ್ ಕ್ಯಾನ್ಸರ್, ಸೊಂಟದ ಮೂಳೆಗೆ ಹರಡಿತ್ತು. ಪ್ಯಾರಾಸಿಟಮಾಲ್ ಆಯಿತು, ಅದಕ್ಕಿಂತ ಬಲವಾದ ನೋವಿನ ಮಾತ್ರೆ ಟ್ರಮಡಾಲ್ ಆಯಿತು. ಟ್ರಮಡಾಲ್ ಅನ್ನು ಬೇಗ ಬಿಡಿಸಿದರು, ಯಾಕೆಂದರೆ ಅಪ್ಪ ಖಿನ್ನತೆಗೂ ಒಂದು ಮಾತ್ರೆ ತಗೊಳ್ಳುತ್ತಿದ್ದರು, ಅಂಥ ಕೆಲವು ಮಾತ್ರೆಗಳ ಜೊತೆ ಟ್ರಮಡಾಲ್ ಸೇರಿದರೆ ಫಿಟ್ಸ್ ಬರುವ ಅಪಾಯ ಜಾಸ್ತಿ. ಕೊನೆಗೆ ಮಾರ್ಫೀನ್ ಮಾತ್ರೆ ಬರೆದರು. ಮನೆಯಲ್ಲಿ ಗಲಾಟೆ ಶುರುವಾದದ್ದು ಆವಾಗ.

ಚಿಕ್ಕಪ್ಪ ಹೇಳಿದರು, "ಅದು ಕೊನೇ ಔಷಧಿ ಕಣಮ್ಮ, ಈಗಲೇ ಶುರು ಮಾಡಿದ್ರೆ ಮುಂದೆ ಏನು ಕೊಡ್ತೀಯ?" ಅಮ್ಮನಿಗೆ ಚಟ ಅಂಟಿಕೊಳ್ಳುತ್ತದೆ ಅನ್ನೋ ಭಯ. ಅಪ್ಪನದು ಬೇರೆಯೇ ಹಠ. "ತಡ್ಕೋತೀನಿ ಬಿಡು ಮಗಾ, ಜಾಸ್ತಿ ಆದ್ರೆ ಕೇಳ್ತೀನಿ." ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಅಲ್ಲಿದ್ದವರೊಬ್ಬರು ಕೂಡ ನೋವು ಬಂದಾಗ ಮಾತ್ರ ಕೊಡಿ ಅಂದಿದ್ದರು. ಚೀಟಿಯಲ್ಲಿ ಮಾತ್ರ ನಾಲ್ಕು ಗಂಟೆಗೊಮ್ಮೆ ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಚೀಟಿಯನ್ನೇ ನಂಬಿದೆ.

ಯಾಕೆ ಅಂದರೆ, ಮೊದಲ ಕೆಲವು ದಿನ ಎಲ್ಲರ ಒತ್ತಾಯಕ್ಕೆ "ಬಂದಾಗ ಕೊಡುವ" ಪದ್ಧತಿಯನ್ನೂ ನೋಡಿಯಾಗಿತ್ತು. ಸಾದಾ ಮಾರ್ಫೀನ್ ಮಾತ್ರೆ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು. ಅಪ್ಪ ಬಾಯಿಬಿಟ್ಟು ಕೇಳುವಷ್ಟರಲ್ಲಿ ನೋವು ನೆತ್ತಿಗೇರಿರುತ್ತಿತ್ತು. ಮಾತ್ರೆ ಹಿಡಿಯುವವರೆಗೆ ಬೆವರು, ನರಳಾಟ. ಆಮೇಲೆ ಸುಸ್ತಾಗಿ ನಿದ್ದೆ, ಎದ್ದರೆ ಮತ್ತೆ ಅದೇ. ನೋವಿನ ಹೆದರಿಕೆಯೇ ಅರ್ಧ ನೋವಾಗಿ ಕೂತಿತ್ತು. ಚಿಕ್ಕಪ್ಪನ ಜೊತೆ ವಾದಕ್ಕೆ ಕೂತಾಗ ನಾನು ಎರಡೇ ಮಾತು ಹೇಳಿದೆ. ಸಿಸಿಲಿ ಸಾಂಡರ್ಸ್ ಅನ್ನುವ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ಅಂದರೆ ಕೊನೆಯ ದಿನಗಳಲ್ಲಿರುವವರ ಆರೈಕೆಯ ಮನೆ, ತೆರೆದಾಗ ಅಲ್ಲಿ ನೋವಿಗೆ ಕಾಯದೆ ಹೊತ್ತಿಗೆ ಸರಿಯಾಗಿ ಮಾರ್ಫೀನ್ ಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಹೇಳಿದ್ದೂ ಅದನ್ನೇ, ಸಾಧ್ಯವಾದರೆ ಬಾಯಿಯಿಂದ, ಮತ್ತು ಗಡಿಯಾರ ನೋಡಿ. ಚಿಕ್ಕಪ್ಪ ಒಪ್ಪಲಿಲ್ಲ. ಒಂದು ವಾರ ಬಿಡಿ, ಆಮೇಲೆ ಮಾತಾಡೋಣ ಅಂದೆ.

ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ರಾತ್ರಿ ಎರಡಕ್ಕೆ ಎಬ್ಬಿಸಬೇಕಾಗಬಾರದು ಅಂತ ಹತ್ತರ ಡೋಸನ್ನು ಡಾಕ್ಟರೇ ಹೆಚ್ಚಿಸಿ ಬರೆದಿದ್ದರು. ಇದನ್ನು ನೋಡಿ ನೀವೇ ಮಾಡಿಕೊಳ್ಳಬೇಡಿ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ, ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವ ತೊಂದರೆ ಇರುವವರಿಗೆ ಲೆಕ್ಕವೇ ಬೇರೆ. ಎರಡು ಹೊತ್ತಿನ ನಡುವೆ ನೋವು ಎದ್ದರೆ ಕೊಡಲು ಹೆಚ್ಚುವರಿ ಡೋಸ್ ಬೇರೆ ಬರೆದಿತ್ತು. ತಪ್ಪಿಹೋದ ಹೊತ್ತಿನದನ್ನು ಮುಂದಿನದಕ್ಕೆ ಸೇರಿಸಿ ಕೊಡುವುದು ಮಾತ್ರ ಯಾವತ್ತೂ ಇಲ್ಲ.

ಹೊತ್ತು ಕಾಯುವುದು ಸುಲಭ ಅಂದುಕೊಳ್ಳಬೇಡಿ. ಫೋನಿನ ಅಲಾರಾಂ ಪೂರ್ತಿ ಕೈಕೊಟ್ಟಿತು. ಯಾರ ಕೈಯಲ್ಲಿ ಫೋನ್ ಇತ್ತೋ ಅವರು ಅದನ್ನು ಆಫ್ ಮಾಡುತ್ತಿದ್ದರು, ಇನ್ನೊಬ್ಬರು ಕೊಟ್ಟಿರುತ್ತಾರೆ ಅಂತ ಸುಮ್ಮನಾಗುತ್ತಿದ್ದರು. ಏಳು ದಿನದ ಖಾನೆಗಳಿರುವ ಡಬ್ಬಿ ತಂದೆವು, ಅದರಲ್ಲಿ ದಿನಕ್ಕೆ ನಾಲ್ಕೇ ಖಾನೆ, ನಮಗೆ ಐದು ಬೇಕಿತ್ತು, ಜೊತೆಗೆ ಹೆಚ್ಚುವರಿ ಮಾತ್ರೆಗೆ ಜಾಗವೇ ಇಲ್ಲ. ಆ ದುಡ್ಡು ದಂಡ. ಒಂದು ದಿನ ಅಮ್ಮ ಕೊಟ್ಟು ಹೋದ ಮೇಲೆ ತಮ್ಮ ಬಂದು ಮತ್ತೆ ಮಾತ್ರೆ ಬಿಚ್ಚಿದ್ದ, ಅಪ್ಪ ನೀರಿನ ಲೋಟ ಎತ್ತಿದ್ದರು, ನಾನು ಓಡಿಬಂದು ತಡೆದೆ. ಆ ಸಂಜೆ ಪದ್ಧತಿ ಬದಲಾಯಿತು.

ಬೀಗ ಹಾಕುವ ಒಂದು ಕಬ್ಬಿಣದ ಡಬ್ಬಿ. ಒಳಗೆ ಕೆಳಗಡೆ ಮಾತ್ರೆ, ಅದರ ಮೇಲೆ ಪುಸ್ತಕ, ಪುಸ್ತಕಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಪುಸ್ತಕ ಎತ್ತದೆ ಮಾತ್ರೆ ಕೈಗೆ ಸಿಗಲ್ಲ. ಎತ್ತಿದರೆ ಕೊನೆಯ ಸಾಲು ಕಣ್ಣಿಗೆ ಬೀಳಲೇಬೇಕು. ಅಪ್ಪ ನುಂಗಿದ ಮೇಲೆ ಹೊತ್ತು, ಎಷ್ಟು, ಕೊಟ್ಟವರ ಹೆಸರು, ಉಳಿದ ಮಾತ್ರೆ ಎಷ್ಟು ಅಂತ ಬರೆಯಬೇಕು. ಇದು ಯಾವ ಪುಸ್ತಕದಲ್ಲೂ ನೋಡಿದ್ದಲ್ಲ, ನನ್ನದೇ ಏರ್ಪಾಡು, ಆಮೇಲೆ ಒಂದೇ ಒಂದು ಗೊಂದಲವೂ ಆಗಲಿಲ್ಲ. ಡಬ್ಬಿ ಎಲ್ಲಿತ್ತು, ಬೀಗದ ಕೈ ಎಲ್ಲಿ ಇಡುತ್ತಿದ್ದೆವು ಅನ್ನುವುದನ್ನು ಮನೆಯ ಮೂವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲೂ ಬರೆಯಲ್ಲ. ಮನೆಗೆ ಮಕ್ಕಳು ಬರುತ್ತಾರೆ, ನೋಡಲು ಬರುವವರೂ ನೂರಾರು ಜನ. ಒಂದು ಮಾತ್ರೆ ಸಾಕು ಮಗುವಿನ ಉಸಿರು ನಿಲ್ಲಿಸಲು.

ಪುಸ್ತಕದಲ್ಲಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುವ ಪ್ರಯತ್ನವೂ ಆಯಿತು. ಅಪ್ಪ ಯಾವಾಗ ಕೇಳಿದರೂ "ಐದು" ಅನ್ನುತ್ತಿದ್ದರು! ಅದನ್ನು ಬಿಟ್ಟು ಅವರು ಏನು ಮಾಡಿದರು ಅಂತ ಬರೆಯಲು ಶುರು ಮಾಡಿದೆ. ತಾವೇ ಮಗ್ಗುಲು ಬದಲಿಸಿದರಾ, ಕುರ್ಚಿಯಲ್ಲಿ ಕೂತು ಉಂಡರಾ, ಬಚ್ಚಲಿಗೆ ನಡೆದು ಹೋದರಾ. ಡಾಕ್ಟರಿಗೂ ಇದು ಅಂಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಹೆಚ್ಚುವರಿ ಡೋಸ್ ದಿನಕ್ಕೆ ಮೂರು ದಾಟಿದರೆ ಫೋನ್ ಮಾಡಬೇಕು, ಅವರು ಲೆಕ್ಕ ಹಾಕಿ ಹೊತ್ತಿನ ಡೋಸನ್ನೇ ಸರಿಮಾಡುತ್ತಿದ್ದರು. ಸ್ನಾನ ಅಂದರೆ ಅಪ್ಪನಿಗೆ ನರಕ, ಹಾಗಾಗಿ ಡಾಕ್ಟರನ್ನು ಕೇಳಿಕೊಂಡು ಸ್ನಾನಕ್ಕೆ ಮುಕ್ಕಾಲು ಗಂಟೆ ಮುಂಚೆ ಒಂದು ಹೆಚ್ಚುವರಿ ಡೋಸ್ ಇಟ್ಟುಕೊಂಡೆವು. ಬಚ್ಚಲಿನಿಂದ ಕೂಗು ಕೇಳುವುದು ನಿಂತಿತು. ರಾತ್ರಿ ಹೊತ್ತು ಫೋನ್ ಮಾಡಿದರೂ ಡಾಕ್ಟರು ಎರಡೇ ನಿಮಿಷದಲ್ಲಿ ಉತ್ತರ ಹೇಳುವ ಹಾಗೆ ಆ ಪುಟವನ್ನು ನಾನು ಹೇಗೆ ಜೋಡಿಸಿದ್ದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಈಗ ಹೊಟ್ಟೆಯ ವಿಷಯ. ನನ್ನನ್ನು ಕೇಳಿದರೆ ಜನ ಮಾರ್ಫೀನ್ ಬಿಡುವುದು ಚಟದ ಭಯಕ್ಕಲ್ಲ, ಹೊಟ್ಟೆ ಕಟ್ಟಿ, ಅಂದರೆ ಮಲ ಹೋಗದೆ. ವಾಂತಿ ಬಂದಂತಾಗುವುದು ಒಂದು ವಾರದಲ್ಲಿ ಕಡಿಮೆಯಾಗುತ್ತದೆ, ಮಂಪರು ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಹೊಟ್ಟೆ ಕಟ್ಟುವುದು ಮಾತ್ರ ಔಷಧಿ ಇರುವವರೆಗೂ ಇರುತ್ತದೆ. ದೇಹ ಅದಕ್ಕೆ ಒಗ್ಗುವುದೇ ಇಲ್ಲ. ನಮ್ಮ ಮೊದಲ ಚೀಟಿಯಲ್ಲಿ ಮಲ ಸಲೀಸಾಗಿ ಹೋಗುವಂತೆ ಮಾಡುವ ಮಾತ್ರೆ ಇರಲೇ ಇಲ್ಲ. ಯಾರೋ ಹೇಳಿದ ನಾರಿನ ಪುಡಿ ಕೊಟ್ಟೆವು. ಕರುಳೇ ನಿಧಾನವಾಗಿರುವಾಗ, ನೀರೂ ಸರಿಯಾಗಿ ಕುಡಿಯದವರಿಗೆ, ನಾರು ಒಳಗೇ ಗಟ್ಟಿಯಾಗಿ ಕೂರುತ್ತದೆ. ಕೊನೆಗೆ ತುರ್ತು ವಿಭಾಗ, ಎನಿಮಾ, ಒಂದು ರಾತ್ರಿ ವಾಸ. ಆ ಒಂದು ಬಿಲ್ಲಿನಲ್ಲಿ ಹೆಚ್ಚುಕಡಿಮೆ ಐದಾರು ತಿಂಗಳ ಮಾರ್ಫೀನ್ ಬರುತ್ತಿತ್ತು. ಆಮೇಲೆ ಸೆನ್ನಾ ಅಥವಾ ಬಿಸಾಕೊಡಿಲ್, ಕರುಳನ್ನು ಚಲಿಸುವಂತೆ ಮಾಡುವ ಜಾತಿಯದು, ದಿನವೂ ತಪ್ಪದೆ. ಮಾರ್ಫೀನ್ ಬರೆಯುವ ಚೀಟಿಯಲ್ಲೇ ಇದನ್ನೂ ಬರೆಸಿಕೊಳ್ಳಿ. ಬರೆಯದಿದ್ದರೆ ಎದ್ದು ಬರಬೇಡಿ, ಕೇಳಿ.

ದುಡ್ಡಿನ ಮಾತು ಬಂತು, ಅದನ್ನೂ ಮುಗಿಸುತ್ತೇನೆ. ಸಾದಾ ಮಾರ್ಫೀನ್ ಹಳೆಯ ಔಷಧಿ, ಅಗ್ಗ. ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆ ಅದಕ್ಕಿಂತ ದುಬಾರಿ, ಆದರೆ ಡೋಸ್ ಒಂದು ಮಟ್ಟಕ್ಕೆ ನಿಂತ ಮೇಲೆ ಎಲ್ಲರಿಗೂ ನಿದ್ದೆ ಸಿಕ್ಕಿತು, ಕೊಟ್ಟ ದುಡ್ಡಿಗೆ ಬೇಜಾರಿಲ್ಲ. ಅದನ್ನು ಮುರಿಯಬಾರದು, ಪುಡಿ ಮಾಡಬಾರದು, ಅಗಿಯಬಾರದು. ಹಾಗೆ ಮಾಡಿದರೆ ಹನ್ನೆರಡು ಗಂಟೆಯ ಔಷಧಿ ಒಂದೇ ಸಲ ರಕ್ತಕ್ಕೆ ಇಳಿಯುತ್ತದೆ. ನಡುವೆ ಬಾಯಿ ಹುಣ್ಣಾಗಿ ನುಂಗಲು ಆಗದಿದ್ದಾಗ ಸಿರಪ್ ಕೊಟ್ಟರು. ಸಿರಪ್ಪಿನಲ್ಲಿ ಗಾಬರಿ ಹುಟ್ಟಿಸುವುದು ಮಿಲಿಗ್ರಾಂ ಮತ್ತು ಎಂಎಲ್ ಗೊಂದಲ. ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 10 ಮಿಲಿಗ್ರಾಂ ಇದ್ದರೆ ಇನ್ನೊಂದು ಗಾಢ ಬಾಟಲಿಯಲ್ಲಿ 1 ಎಂಎಲ್‌ಗೇ 20 ಮಿಲಿಗ್ರಾಂ ಇರುತ್ತದೆ. ಅಂದರೆ ಹತ್ತು ಪಟ್ಟು! ಬಾಟಲಿ ಬದಲಾದಾಗಲೆಲ್ಲ ಔಷಧಿ ಅಂಗಡಿಯಲ್ಲೇ ನಿಂತು ಎಂಎಲ್ ಲೆಕ್ಕ ಬರೆಸಿಕೊಂಡು ಬರುತ್ತಿದ್ದೆ. ಕುತೂಹಲಕ್ಕೆ ಮನೆಯ ಟೀ ಚಮಚಗಳನ್ನೆಲ್ಲ ಸಾಲಾಗಿ ಇಟ್ಟು ನೀರು ತುಂಬಿ ಸಿರಿಂಜಿನಲ್ಲಿ ಅಳೆದೆ. ಒಂದರಲ್ಲಿ ಸುಮಾರು ಮೂರು ಎಂಎಲ್, ಇನ್ನೊಂದರಲ್ಲಿ ಹತ್ತಿರಹತ್ತಿರ ಏಳು. ಅವತ್ತಿನಿಂದ ಸಿರಿಂಜ್ ಮಾತ್ರ, ಅದರ ಮೇಲೆ ಟೇಪಿನ ಗುರುತು.

ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಹಾಕಿದರು, ಮಾರ್ಫೀನ್ ಜಾತಿಯದೇ ಆದ ಫೆಂಟನಿಲ್‌ದು, ಮೂರು ದಿನಕ್ಕೊಂದು. ನಮ್ಮಲ್ಲಿ ಅದು ನಡೆಯಲಿಲ್ಲ. ಬೆವರಿಗೆ ಅಂಚು ಏಳುತ್ತಿತ್ತು, ಪ್ರತಿ ಸಲವೂ ದುಬಾರಿ ನಷ್ಟ. ಜ್ವರ ಬಂದರೆ, ಬಿಸಿನೀರಿನ ಚೀಲ ತಾಗಿದರೆ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ. ಅಪ್ಪನಿಗೋ ಬೆನ್ನಿಗೆ ಬಿಸಿನೀರಿನ ಚೀಲ ಇಲ್ಲದಿದ್ದರೆ ಆಗುತ್ತಿರಲಿಲ್ಲ. ತೆಗೆದ ಮೇಲೂ ಒಂದು ದಿನದವರೆಗೆ ಪ್ರಭಾವ ಇರುತ್ತದೆ ಅನ್ನುವುದನ್ನು ಮರೆಯಬಾರದು. ಹೊಂದುವವರಿಗೆ ಅದು ಒಳ್ಳೆಯದೇ. ಬಳಸಿದ ಪ್ಯಾಚಿನಲ್ಲೂ ತುಂಬಾ ಔಷಧಿ ಉಳಿದಿರುತ್ತದೆ, ಅಂಟಿನ ಬದಿ ಒಳಗೆ ಬರುವಂತೆ ಮಡಚಿ ಅದನ್ನೂ ಬೀಗದ ಡಬ್ಬಿಗೇ ಹಾಕುತ್ತಿದ್ದೆವು.

ಮನೆಯ ಔಷಧಿ ಕಪಾಟನ್ನು ಮೊದಲ ದಿನವೇ ಖಾಲಿ ಮಾಡಿ. ಹಳೆಯ ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಂ, ಕೆಮ್ಮಿನ ಸಿರಪ್ಪು, ಎಲ್ಲ ಹೊರಗೆ. ನಿದ್ದೆ ಮಾತ್ರೆ ಮತ್ತು ಮದ್ಯ ಎರಡೂ ಮಾರ್ಫೀನ್ ಜೊತೆ ಸೇರಿ ಉಸಿರನ್ನು ಇನ್ನಷ್ಟು ತಗ್ಗಿಸುತ್ತವೆ, ನರದ ನೋವಿಗೆ ಕೊಡುವ ಪ್ರಿಗಾಬಾಲಿನ್ ಕೂಡ ಹಾಗೇ, ಅದಿದ್ದರೆ ಡಾಕ್ಟರಿಗೆ ಗೊತ್ತಿರಲೇಬೇಕು. ನೆಗಡಿ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದೂ ದಿನದ ಲೆಕ್ಕಕ್ಕೆ ಸೇರುತ್ತದೆ.

ಉಸಿರು ಎಣಿಸುವ ಅಭ್ಯಾಸ ನನ್ನಿಂದ ಶುರುವಾಯಿತು. ಸಾಮಾನ್ಯ ಎಷ್ಟು ಅಂತ ಗೊತ್ತಿಲ್ಲದೆ ಕಡಿಮೆ ಎಷ್ಟು ಅಂತ ಹೇಗೆ ಗೊತ್ತಾಗುತ್ತದೆ, ಅಲ್ವಾ? ಹಾಗಾಗಿ ಮಲಗಿದ್ದ ತಮ್ಮನದು, ಅಮ್ಮನದು, ಎಲ್ಲರ ಉಸಿರನ್ನೂ ಪೂರ್ತಿ ಒಂದು ನಿಮಿಷ ಎಣಿಸಿದೆ. ಹನ್ನೆರಡರಿಂದ ಹದಿನಾರರ ಆಸುಪಾಸು. ಅಪ್ಪನದೂ ಅಷ್ಟೇ ಇತ್ತು, ಅದನ್ನು ನೋಡಿದ ಮೇಲೆಯೇ ಅಮ್ಮನ ಭಯ ಇಳಿದದ್ದು. ನಮಗೆ ಹೇಳಿಕೊಟ್ಟಿದ್ದು ಇಷ್ಟು. ಉಸಿರು ಹತ್ತಕ್ಕಿಂತ ಕಡಿಮೆಯಾಗಿ, ಕರೆದರೂ ಭುಜ ಅಲುಗಿಸಿದರೂ ಏಳದಿದ್ದರೆ, ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿ ತುಟಿ ನೀಲಿಯಾಗಿದ್ದರೆ, ಗಂಟಲಲ್ಲಿ ಗೊರಗೊರ ಸದ್ದು ಇದ್ದರೆ ಕಾಯಬಾರದು, ಆಂಬ್ಯುಲೆನ್ಸ್. ಮಾರ್ಫೀನಿನ ಪ್ರಭಾವ ಇಳಿಸುವ ಔಷಧಿ ನ್ಯಾಲೊಕ್ಸೋನ್ ಇದ್ದರೆ ಕೊಟ್ಟು, ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಮಾರ್ಫೀನಿನದು ಅದಕ್ಕಿಂತ ಉದ್ದ. ನಮಗೆ ಅದನ್ನು ಬಳಸುವ ಸಂದರ್ಭ ಬರಲಿಲ್ಲ.

ಒಂದು ಸಲ ಮಾತ್ರ ಹತ್ತಿರ ಬಂದಿತ್ತು. ವಾಂತಿ ಭೇದಿಯಾಗಿ ಅಪ್ಪ ಎರಡು ದಿನ ನೀರೇ ಇಳಿಸಲಿಲ್ಲ. ಕೈಕಾಲು ಇದ್ದಕ್ಕಿದ್ದಂತೆ ಸಣ್ಣಗೆ ಎಗರತೊಡಗಿತು, ಮಾತು ತೊದಲಿತು. ಚಿಕ್ಕಪ್ಪ ನೋವಿಗೆ ಹೀಗಾಗ್ತಿದೆ, ಇನ್ನೊಂದು ಮಾತ್ರೆ ಕೊಡು ಅಂದರು. ಪುಸ್ತಕದಲ್ಲಿ ಮೂತ್ರ ಹೋದದ್ದನ್ನು ಬರೆಯುವ ಸಾಲು ಖಾಲಿಯಿತ್ತು. ಮಾತ್ರೆ ಕೊಡದೆ ಫೋನ್ ಮಾಡಿದೆ. ಮಾರ್ಫೀನಿನಿಂದ ದೇಹದಲ್ಲಿ ಹುಟ್ಟುವ ಅಂಶಗಳು ಕಿಡ್ನಿಯ ಮೂಲಕ ಹೊರಹೋಗಬೇಕು, ಕಿಡ್ನಿಗೆ ನೀರಿಲ್ಲದಿದ್ದರೆ ಅವು ಒಳಗೇ ಕೂಡುತ್ತವೆ. ಡ್ರಿಪ್ ಹಾಕಿ, ಡೋಸ್ ಇಳಿಸಿದರು, ಎರಡು ದಿನದಲ್ಲಿ ಸರಿಹೋಯಿತು. ಚಿಕ್ಕಪ್ಪ ಪುಸ್ತಕ ಓದತೊಡಗಿದ್ದು ಅವತ್ತಿನಿಂದ.

ಆಮೇಲೆ ಸೊಂಟಕ್ಕೆ ರೇಡಿಯೇಷನ್ ಕೊಟ್ಟರು. ಕೆಲವು ವಾರದಲ್ಲಿ ನೋವು ತಾನಾಗಿ ಇಳಿಯಿತು. ಅಪ್ಪ ಹಗಲೆಲ್ಲ ತೂಕಡಿಸತೊಡಗಿದರು. ನೋವು ಇಳಿದಾಗ ಹಳೆಯ ಡೋಸೇ ಜಾಸ್ತಿಯಾಗಿಬಿಡುತ್ತದೆ. ಇಲ್ಲೂ ಎಲ್ಲರೂ ಒಂದೇ ಸಲ ನಿಲ್ಲಿಸಿಬಿಡೋಣ ಅಂದರು. ಹಾಗೆ ನಿಲ್ಲಿಸಿದರೆ ಬೆವರು, ಭೇದಿ, ಮೂಗಿನಲ್ಲಿ ನೀರು, ಚಡಪಡಿಕೆ ಬರುತ್ತದೆ, ದೇಹ ಒಗ್ಗಿರುತ್ತದೆ ಅಷ್ಟೇ, ಅದಕ್ಕೆ ಚಟ ಅನ್ನಲ್ಲ. ಡಾಕ್ಟರ್ ವಾರಕ್ಕೆ ಸುಮಾರು ಹತ್ತನೇ ಒಂದು ಭಾಗದಂತೆ ಇಳಿಸುತ್ತಾ ಬಂದರು, ಎರಡು ಸಲ ಅಪ್ಪನಿಗೆ ಕಷ್ಟವಾದಾಗ ಅಲ್ಲೇ ನಿಲ್ಲಿಸಿ ಕಾದರು. ಪೂರ್ತಿ ಬಿಟ್ಟ ಮೇಲೆ ಅಪ್ಪ ಒಂದು ದಿನವೂ ಮಾತ್ರೆ ಕೇಳಲಿಲ್ಲ. ಮುಂದೆ ನೋವು ಮರಳಿದರೆ ಹಳೆಯ ಡೋಸಿಗೆ ನೇರವಾಗಿ ಹೋಗಬಾರದು, ಒಗ್ಗಿದ್ದು ಬಿಟ್ಟುಹೋಗಿರುತ್ತದೆ, ಸಣ್ಣದರಿಂದ ಶುರು ಅಂತ ಚೀಟಿಯಲ್ಲೇ ಬರೆಸಿಕೊಂಡಿದ್ದೇನೆ.

ಉಳಿದ ಮಾತ್ರೆಗಳನ್ನು ಮುಂದಕ್ಕೆ ಬೇಕಾದೀತು ಅಂತ ಇಟ್ಟುಕೊಳ್ಳಲಿಲ್ಲ. ಪಕ್ಕದ ಮನೆಯವರು ಕಾಲುನೋವಿಗೆ ಎರಡು ಕೇಳಿದರು, ಕೊಡಲಿಲ್ಲ. ಎಲ್ಲವನ್ನೂ ಪುಸ್ತಕದ ಜೊತೆ ತಗೊಂಡು ಹೋಗಿ ಔಷಧಿ ಕೊಟ್ಟ ಕಡೆಯೇ ವಾಪಸ್ ಕೊಟ್ಟೆ. ಅಲ್ಲಿಯವರು ಎಣಿಸಿದರು, ಪುಸ್ತಕದ ಕೊನೆಯ ಸಾಲು ನೋಡಿದರು. ಎರಡೂ ಒಂದೇ ಇತ್ತು.