ಹುಣಸೆಹಣ್ಣು ಹಾಕಿ ಕೆಡಿಸಿದ ರೋಮನ್ ನಾಣ್ಯ

ಇಂಗ್ಲೆಂಡಿನಲ್ಲಿದ್ದಾಗ ಒಂದು ನಾಣ್ಯ ಮೇಳದಲ್ಲಿ ತೊಳೆಯದ ರೋಮನ್ ನಾಣ್ಯಗಳ ಪೊಟ್ಟಣ ಕೊಂಡೆ. ಒಟ್ಟು ಇಪ್ಪತ್ತು. ನೋಡೋಕೆ ಮಣ್ಣು ಮೆತ್ತಿದ ಅಂಗಿ ಗುಂಡಿಗಳ ಹಾಗಿದ್ದವು.

ಮೊದಲನೆಯದನ್ನು ನಾನೇ ಕೆಡಿಸಿದೆ. ಕಂಚು ತಾನೇ ಅಂತ, ಅಮ್ಮ ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಸ್ವಲ್ಪ ಹೊತ್ತಿಗೆ ಫಳಫಳ! ಆದರೆ ಚಕ್ರವರ್ತಿಯ ಮೂಗು, ಕಣ್ಣು, ಸುತ್ತಲಿನ ಅಕ್ಷರ ಎಲ್ಲಾ ಮಾಯ. ಇಷ್ಟು ಶತಮಾನ ಮಣ್ಣಲ್ಲಿದ್ದ ಕಂಚಿನ ಮೇಲ್ಮೈಯೇ ಹಸಿರು ಪದರವಾಗಿರುತ್ತದೆ. ಚಿತ್ರ ಉಳಿದಿರೋದು ಆ ಪದರದಲ್ಲೇ. ಹುಳಿ ಅದನ್ನೇ ತಿಂದುಬಿಟ್ಟಿತ್ತು.

ಉಳಿದವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿದೆ. ಆಗಾಗ ನೀರು ಬದಲಿಸೋದು, ಮಣ್ಣು ಮೆತ್ತಗಾದಲ್ಲಿ ಬಿದಿರು ಕಡ್ಡಿಯಿಂದ ಕೆರೆಯೋದು, ಅಷ್ಟೇ ಕೆಲಸ. ತಿಂಗಳುಗಟ್ಟಲೆ ಹಿಡಿಯಿತು.

ಒಂದು ಸಂಜೆ ಭೂತಗನ್ನಡಿಯ ಕೆಳಗೆ ಇಬ್ಬರು ಸೈನಿಕರು ಕಂಡರು. ನಡುವೆ ಎರಡು ಧ್ವಜ. ಸುತ್ತ 'ಗ್ಲೋರಿಯಾ ಎಕ್ಸರ್ಸಿಟುಸ್', ಅಂದರೆ ಸೈನ್ಯದ ಕೀರ್ತಿ. ಕೆಳಗೆ 'ಎಸ್‌ಎಂಕೆಎ' ಅನ್ನೋ ನಾಲ್ಕು ಅಕ್ಷರ. ಅದರಲ್ಲಿ ಕೆ ಅಂದರೆ ಈಗಿನ ಟರ್ಕಿಯಲ್ಲಿದ್ದ ಸಿಜಿಕಸ್ ಟಂಕಸಾಲೆ. ಕೊನೆಯದು ಗ್ರೀಕ್ ಆಲ್ಫಾ, ಅಲ್ಲಿನ ಮೊದಲ ಕಾರ್ಯಾಗಾರದ ಗುರುತು. ಮುಖದ ಕಡೆ 'ಕಾನ್‌ಸ್ಟಾಂಟಿನುಸ್' ಅಂತ ಓದಿ, ಮಹಾನ್ ಚಕ್ರವರ್ತಿ ಕಾನ್‌ಸ್ಟಂಟೈನೇ ಸಿಕ್ಕಿದ ಅಂತ ಕುಣಿದಾಡಿದೆ. ಆಮೇಲೆ ನೋಡಿದರೆ ಮುಂದೆ 'ಐಯುಎನ್' ಅಂತಿದೆ. ಕಿರಿಯ ಅಂತ ಅರ್ಥ. ಅಪ್ಪನಲ್ಲ, ಮಗ!

ನಾಣ್ಯದ ಕಾಲ ತಿಳಿಯೋಕೆ ಈ ಧ್ವಜಗಳನ್ನು ಎಣಿಸಲೇಬೇಕು. ಕ್ರಿ.ಶ. 330ರಿಂದ ಸುಮಾರು 335ರವರೆಗೆ ಎರಡು ಧ್ವಜ, ಆಮೇಲೆ ಒಂದೇ. ನಾಣ್ಯವೇ ಕುಗ್ಗುತ್ತಾ ಹೋಯಿತಲ್ವಾ, ಜಾಗ ಎಲ್ಲಿ? ಚಕ್ರವರ್ತಿ ಡಯೋಕ್ಲೀಷಿಯನ್ 294ರ ಹೊತ್ತಿಗೆ ತಂದ ದೊಡ್ಡ ನಾಣ್ಯ ಸುಮಾರು 10 ಗ್ರಾಂ ತೂಗುತ್ತಿತ್ತು. ನನ್ನ ಎರಡು ಧ್ವಜದ್ದು 2.4 ಗ್ರಾಂ. ಒಂದು ಧ್ವಜದ್ದು ಎರಡು ಗ್ರಾಂ ಕೂಡ ಇಲ್ಲ. 348ರಲ್ಲಿ ಹೊಸ ನಾಣ್ಯ ಬಂತು: ಬಿದ್ದ ಕುದುರೆ ಸವಾರನನ್ನು ರೋಮನ್ ಸೈನಿಕ ಈಟಿಯಿಂದ ತಿವಿಯುತ್ತಿದ್ದಾನೆ, ಸುತ್ತ 'ಒಳ್ಳೆಯ ಕಾಲ ಮರಳಿದೆ' ಅಂತ ಬರಹ. ಆ ಒಳ್ಳೆಯ ಕಾಲದ ನಾಣ್ಯವೂ ಕೆಲವೇ ವರ್ಷಗಳಲ್ಲಿ ಸಣ್ಣಗಾಯಿತು.

ಹುಣಸೆಹಣ್ಣಿನ ನಾಣ್ಯ ಇನ್ನೂ ಡಬ್ಬಿಯಲ್ಲಿದೆ. ಅಂಚಿನಲ್ಲಿ ಎರಡು ಜೊತೆ ಕಾಲು ಕಾಣುತ್ತವೆ, ಸೈನಿಕರದ್ದೇ. ಧ್ವಜ ಇರಬೇಕಾದ ನಡುಭಾಗ ಮಾತ್ರ ನುಣ್ಣಗೆ, ದೀಪದ ಕಂಬದಂತೆ ಹೊಳೆಯುತ್ತದೆ.