ಕಾಂಡ್ಲಾ ನೆಡುವ ಮುಂಚೆ ನೀರಿನ ಗೆರೆ ನೋಡಿ

ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ಹೇಗೆ ನೆಡಬೇಕು ಅಂತ ಕೇಳಿಕೊಂಡು ನಮ್ಮ ಕಡೆ ಬರುವವರು ಈಗ ಜಾಸ್ತಿ ಆಗಿದ್ದಾರೆ. ನೆಡುವುದನ್ನು ಐದು ನಿಮಿಷದಲ್ಲಿ ತೋರಿಸಿಬಿಡಬಹುದು. ಮೊಳೆತ ಬೀಜದ ಚೂಪು ತುದಿ ಕೆಳಗೆ ಮಾಡಿ ಕೆಸರಿಗೆ ಒತ್ತಿದರೆ ಆಯ್ತು. ಎಲ್ಲಿ ನೆಡಬಾರದು ಅಂತ ತಿಳಿಯೋದಕ್ಕೆ ಮಾತ್ರ ಹಲವು ಮಳೆಗಾಲ ಬೇಕು. ಈ ಬರಹ ಹೆಚ್ಚಾಗಿ ಅದರ ಬಗ್ಗೆಯೇ.

ನಾನು ಕುಮಟಾ ತಾಲೂಕಿನವನು. ಅಘನಾಶಿನಿ ಅಳಿವೆಯ ಬದಿಗೆ ನಮ್ಮ ಮನೆತನದ ಪಾಲಿಗೆ ಒಂದಿಷ್ಟು ಗಜನಿ ಇದೆ. ಗಜನಿ ಅಂದರೆ ಹೊಳೆಯ ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತೇವೆ. ಉಪ್ಪು ತಡೆದುಕೊಳ್ಳುವ, ಆಳೆತ್ತರ ಬೆಳೆಯುವ ಭತ್ತ ಅದು. ತೆನೆ ಮಾತ್ರ ಕೊಯ್ದುಕೊಂಡು ಹುಲ್ಲನ್ನು ನೀರಲ್ಲೇ ಬಿಡುತ್ತೇವೆ. ಅದು ಕೊಳೆತ ಮೇಲೆ ಸಿಗಡಿ, ಮೀನುಗಳಿಗೆ ಮೇವು. ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ಕಟ್ಟೆ ಇರುತ್ತದೆ. ನೀರು ಬಿಡಲು, ತಡೆಯಲು ಕಟ್ಟೆಯಲ್ಲಿ ಹಲಗೆ ಬಾಗಿಲು, ಅಂದರೆ ಜಂತ್ರಡಿ.

ನಾನು ಈ ಕೆಲಸಕ್ಕೆ ಇಳಿದದ್ದು ಕಟ್ಟೆಯ ಸಲುವಾಗಿ. ಪ್ರತಿ ವರ್ಷ ಒಂದಲ್ಲ ಒಂದು ಕಡೆ ಕುಸಿಯುತ್ತಿತ್ತು. ಹೊರಗಡೆ ಕಾಂಡ್ಲಾ ದಟ್ಟವಾಗಿದ್ದ ಕಡೆ ಕುಸಿಯುತ್ತಿರಲಿಲ್ಲ. ಇಷ್ಟು ನೋಡಿದ ಮೇಲೆ ಉಳಿದ ಕಡೆಯೂ ನೆಡೋಣ ಅಂತ ಅನಿಸದೇ ಇರುತ್ತದೆಯೇ? ಊರಿನವರ ಜೊತೆ ಮಾತಾಡಿ, ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿ ಶುರುಮಾಡಿದೆ. ಕೇಳದೆ ಶುರುಮಾಡಬೇಡಿ. ಕಟ್ಟೆಯ ಹೊರಗಿನ ಜಾಗ ಸಾಮಾನ್ಯವಾಗಿ ನಮ್ಮದಲ್ಲ.

ಈಗ ನೀರಿನ ವಿಷಯ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ತುಂಬಾ ಮೇಲೆ ಬರುತ್ತದೆ, ತುಂಬಾ ಕೆಳಗೂ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಮೀನು ಹಿಡಿಯುವವರಿಗೆ ಇದು ಬಾಯಿಪಾಠ. ಗಿಡ ನೆಡಲು ಬರುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕಾಂಡ್ಲಾ ನೀರಿನ ಗಿಡ ಅಂತ ಅಂದುಕೊಂಡು ನೀರಿನ ಹತ್ತಿರ ಹತ್ತಿರಕ್ಕೇ ಹೋಗಿ ನೆಡುತ್ತಾರೆ. ಆದರೆ ಅದಕ್ಕೂ ಉಸಿರು ಬೇಕು. ದಿನದ ಬಹುಪಾಲು ಬೇರು ಗಾಳಿಗೆ ಬಿದ್ದಿರಬೇಕು. ಸಮುದ್ರದ ಸರಾಸರಿ ಮಟ್ಟಕ್ಕಿಂತ ಮೇಲೆ, ಅಮಾವಾಸ್ಯೆಯ ಭರತ ಮುಟ್ಟುವ ಗೆರೆಗಿಂತ ಕೆಳಗೆ, ಆ ಪಟ್ಟಿಯಲ್ಲೇ ಅದರ ಬದುಕು. ಅಮೆರಿಕದ ಫ್ಲಾರಿಡಾದಲ್ಲಿ ರಾಬಿನ್ ಲೂಯಿಸ್ ಅನ್ನುವ ಕಾಂಡ್ಲಾ ತಜ್ಞರು ಇದನ್ನೇ ವರ್ಷಾನುಗಟ್ಟಲೆ ಹೇಳಿಕೊಂಡು ಬಂದರು: ಮೊದಲು ನೀರಿನ ಓಡಾಟ ಸರಿಮಾಡಿ, ಬೀಜ ಬರುತ್ತಿದೆಯಾ ನೋಡಿ, ನೆಡುವುದು ಕೊನೆಗೆ.

ನಾವು ಮಟ್ಟ ಗುರುತು ಮಾಡಿದ ಉಪಾಯ ಹೀಗೆ. ತಾನಾಗಿ ಬೆಳೆದ ಕಾಂಡ್ಲಾ ಗುಂಪಿನ ಹತ್ತಿರ ತಂಗಿಯ ಮಗನನ್ನು ನಿಲ್ಲಿಸಿದೆ. ನೆಡಬೇಕಾದ ಜಾಗದಲ್ಲಿ ನಾನು ನಿಂತೆ. ಭರತ ಏರುತ್ತಾ ಬಂದು ಆ ಗುಂಪಿನ ಎಲ್ಲಕ್ಕಿಂತ ಕೆಳಗಿನ ಮರಿಗಿಡದ ಬುಡ ಮುಟ್ಟಿದ ಕೂಡಲೇ ಅವನು ಫೋನ್ ಮಾಡಿದ. "ಮಾವ, ಈಗ!" ಅದೇ ಗಳಿಗೆಯಲ್ಲಿ ನನ್ನ ಮುಂದೆ ನೀರು ಎಲ್ಲಿತ್ತೋ ಅಲ್ಲಿ ಗೂಟ ಹೊಡೆದೆ. ಅದು ಕೆಳಗಿನ ಗೆರೆ. ನೀರು ಇನ್ನೂ ಏರಿ ಎಲ್ಲಕ್ಕಿಂತ ಮೇಲಿನ ಗಿಡದ ಬುಡ ಮುಟ್ಟಿದಾಗ ಮತ್ತೆ ಫೋನ್, ಮತ್ತೊಂದು ಗೂಟ. ಎರಡು ಗೂಟಗಳ ನಡುವೆ ನೆಡಬೇಕು. ಯಂತ್ರ ಬೇಡ, ಇಂಜಿನಿಯರ್ ಬೇಡ. ಎರಡೂ ಜಾಗ ಹತ್ತಿರ ಇರಬೇಕು, ಗಾಳಿ ಜೋರಿರಬಾರದು, ಅಷ್ಟೇ. ಹತ್ತಿರ ಕಾಂಡ್ಲಾ ಇಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಅಲ್ಲಿ ಯಾಕೆ ಇಲ್ಲ ಅಂತ ಮೊದಲು ಕೇಳಿಕೊಳ್ಳಬೇಕು.

ಈ ಗೆರೆ ತಪ್ಪಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಒಂದು ಸಲ ಹೊರಗಿನ ಕಂಪನಿಯೊಂದರವರು ಬಸ್ಸು ಮಾಡಿಕೊಂಡು ಬಂದರು. ಟೋಪಿ, ಟೀ ಶರ್ಟ್, ಬ್ಯಾನರ್ ಎಲ್ಲಾ ಇತ್ತು. ಇಳಿತದ ಹೊತ್ತಿಗೆ ಬಯಲಾದ ಕೆಸರಿನಲ್ಲಿ ಸಾಲಾಗಿ ನೆಟ್ಟು ಫೋಟೋ ತೆಗೆಸಿಕೊಂಡು ಹೋದರು. ಮೊದಲ ಎಲೆ ಬಂತು. ಆಮೇಲೆ ಕಾಂಡದ ಸುತ್ತ ಬಿಳಿ ಬಾರ್ನಕಲ್ ಚಿಪ್ಪು ಕೂತಿತು. ಬಂಡೆಗೆ, ದೋಣಿಯ ತಳಕ್ಕೆ ಅಂಟುತ್ತದಲ್ಲ, ಅದೇ. ಭಾರಕ್ಕೆ ಸಸಿ ಬಾಗಿ ಕೆಸರಿಗೆ ಮಲಗಿತು. ಮುಂದಿನ ಮಳೆಗಾಲಕ್ಕೆ ಸಾಲಿನ ಗುರುತೂ ಉಳಿದಿರಲಿಲ್ಲ. ಫಿಲಿಪೈನ್ಸ್‌ನಲ್ಲಿ ದೊಡ್ಡ ಮಟ್ಟದಲ್ಲಿ ಹೀಗೇ ಆಗಿದೆ. ಅಲ್ಲಿನ ವಿಜ್ಞಾನಿ ಜರ್ಗೆನ್ ಪ್ರಿಮಾವೆರಾ ಮತ್ತು ಅವರ ಜೊತೆಗಾರರು 2008ರಲ್ಲಿ ಬರೆದಂತೆ, ಅಷ್ಟೆಲ್ಲಾ ಹಣ ಸುರಿದು ನೆಟ್ಟರೂ ಬದುಕಿ ಉಳಿದದ್ದು ನೂರಕ್ಕೆ 10ರಿಂದ 20 ಮಾತ್ರ. ಜಾತಿ ತಪ್ಪು, ಜಾಗ ತಪ್ಪು.

ಗಿಡ ಸತ್ತಿದ್ದಕ್ಕಿಂತ ದೊಡ್ಡ ಗಲಾಟೆ ಬೇರೆ ಇತ್ತು. ಆ ಬಯಲು ಕೆಸರು ಖಾಲಿ ಜಾಗ ಅಂತ ಹೊರಗಿನವರಿಗೆ ಕಾಣುತ್ತದೆ. ನಮ್ಮ ಕಡೆ ಅದು ಬಳಚಿನ, ಅಂದರೆ ತಿನ್ನುವ ಚಿಪ್ಪುಮೀನಿನ ಜಾಗ. ಇಳಿತಕ್ಕೆ ಹೆಂಗಸರು ಸೊಂಟದವರೆಗಿನ ನೀರಿಗೆ ಇಳಿದು ಕಾಲಲ್ಲಿ ತಡಕಿ ಬಳಚು ತೆಗೆಯುತ್ತಾರೆ. ಎಷ್ಟೋ ಮನೆಯ ಸಂತೆ ಖರ್ಚು ಅದರಲ್ಲೇ ನಡೆಯುತ್ತದೆ. ಅವರಲ್ಲೊಬ್ಬ ಅಕ್ಕ ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದಳು: "ತಮಾ, ಗಿಡ ನೆಟ್ರೆ ಒಳ್ಳೇದೇ. ನಮ್ಮ ಹೊಟ್ಟೆ ಮೇಲೆ ಎಂತಕ್ಕೆ ನೆಡ್ತ್ರಿ?" ನೆಟ್ಟವನು ನಾನಲ್ಲ, ಆದರೂ ಉತ್ತರ ಇರಲಿಲ್ಲ. ಆಮೇಲಿಂದ ನಮ್ಮಲ್ಲೊಂದು ನಿಯಮ: ಬಳಚು ತೆಗೆಯುವವರು ಒಪ್ಪದ ಕಡೆ ಒಂದು ಗಿಡವನ್ನೂ ಊರುವುದಿಲ್ಲ.

ಬಳಚಿನ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಅಳಿವೆ ಹೆಚ್ಚು ಕಡಿಮೆ ಸಿಹಿನೀರು, ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪು. ಪಕ್ಕದ ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ವಿದ್ಯುತ್ತಿಗಾಗಿ ಬಿಟ್ಟ ನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಇಳಿಯುತ್ತದೆ. ಉಪ್ಪು ಕಡಿಮೆಯಾಯಿತು, ಬಳಚು ಹೋಯಿತು. ಕಾಂಡ್ಲಾಗಳಲ್ಲೂ ಸಿಹಿನೀರನ್ನು ಇಷ್ಟಪಡುವ ಜಾತಿಗಳು ಅಲ್ಲಿ ಜಾಸ್ತಿ. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ಚೆನ್ನಾಗಿ ಬಂದ ಜಾತಿ ಇಲ್ಲೂ ಬರುತ್ತದೆ ಅಂತ ನಂಬಬೇಡಿ.

ಬೀಜಕ್ಕೆ ಬರೋಣ. ಕಾಂಡ್ಲಾ ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದಕ್ಕೆ ಇಳಿಬೀಳುತ್ತದೆ. ನಮ್ಮ ಬಾಯಲ್ಲಿ ಕೋಡು. ರೈಜೋಫೊರಾ ಮುಕ್ರೊನಾಟಾ ಅನ್ನುವ ಕಾಂಡ್ಲಾ ಜಾತಿಯ ಕೋಡು ಒಂದು ಮೊಳಕ್ಕೂ ಜಾಸ್ತಿ ಬರುತ್ತದೆ. ಮಳೆಗಾಲದಲ್ಲಿ ಬಲಿಯುತ್ತದೆ. ಬಲಿತಿದೆಯಾ ಅಂತ ತಿಳಿಯಲು ಬಣ್ಣ ನೋಡಿದರೆ ಸಾಲದು, ತೊಟ್ಟಿನ ಹತ್ತಿರ ನೋಡಬೇಕು. ಮೇಲಿನ ಕಂದು ಕಾಯಿಗೂ ಕೆಳಗಿನ ಹಸಿರು ಕೋಡಿಗೂ ನಡುವೆ ಹಳದಿ ಬಳೆ ಹೊರಗೆ ಬಂದಿರಬೇಕು. ಅಪಿಕ್ಯುಲಾಟಾ ಜಾತಿಯಲ್ಲಿ ಆ ಬಳೆ ಕೆಂಪಗಿರುತ್ತದೆ. ಬಳೆ ಕಂಡ ಕೋಡನ್ನು ಹಿಡಿದು ಸ್ವಲ್ಪ ತಿರುವಿದರೆ ಕಾಯಿಂದ ಕಳಚಿ ಕೈಗೆ ಬರುತ್ತದೆ. ಕಳಚಿದ ಮೇಲ್ತುದಿಯಲ್ಲಿ ಮಡಚಿದ ಎಲೆಯ ಮೊನೆ ಇರುತ್ತದೆ. ಅದು ಮುರಿದರೆ ಕೋಡು ಹೋದಂತೆ. ಎಳೆದರೂ ಬಾರದ ಕೋಡನ್ನು ಬಿಟ್ಟುಬಿಡಿ, ಎಳೆಯದು. ದೋಣಿಯಲ್ಲಿ ಹೋದರೆ ನೀರಿನ ಮೇಲೆ ತೇಲುವ ಕೋಡುಗಳೂ ಸಿಗುತ್ತವೆ. ಹುಳ ಕೊರೆದ ತೂತು ಇದೆಯಾ ನೋಡಿಕೊಳ್ಳಬೇಕು.

ತಂದ ಕೂಡಲೇ ನಾವು ನೆಡುವುದಿಲ್ಲ. ಒದ್ದೆ ಗೋಣಿ ಮುಚ್ಚಿ ಒಂದೆರಡು ವಾರ ನೆರಳಲ್ಲಿ ಇಡುತ್ತೇವೆ. ಕಾರಣ ಏಡಿ. ಕೆಸರಿನ ಪುಟ್ಟ ಏಡಿಗಳಿಗೆ ಹೊಸ ಕೋಡು ಅಂದರೆ ಬಲು ಇಷ್ಟ. ರಾತ್ರಿ ಬಂದು ಸುತ್ತಲೂ ಸಿಪ್ಪೆ ಕೆರೆದು ಹಾಕುತ್ತವೆ. ಸ್ವಲ್ಪ ಬಾಡಿದ ಕೋಡನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಂತ ಏಡಿಯನ್ನು ಶತ್ರು ಅನ್ನಬೇಡಿ. ಅವು ತೋಡಿದ ಬಿಲಗಳಿಂದಲೇ ಆ ಜಿಗುಟು ಕೆಸರಿಗೆ ಗಾಳಿ ಹೋಗುವುದು. ಬಿದ್ದ ಎಲೆಯನ್ನು ಎಳೆದುಕೊಂಡು ಹೋಗಿ ಗೊಬ್ಬರ ಮಾಡುವುದೂ ಅವೇ. ಏಡಿ ಇಲ್ಲದ ಕಾಂಡ್ಲಾ ತೋಪು ನಾನು ನೋಡಿಲ್ಲ.

ಕೋಡಿನ ಮೂರರಲ್ಲೊಂದು ಭಾಗ ಕೆಸರಿನೊಳಗೆ ಹೋದರೆ ಸಾಕು. ಅಂತರ ಒಂದು ಮೀಟರ್. ಉಪ್ಪಟ್ಟಿ ಅನ್ನುವ ಇನ್ನೊಂದು ಕಾಂಡ್ಲಾ ಜಾತಿಗೆ ಈ ದಾರಿ ಆಗುವುದಿಲ್ಲ. ಅದರ ಬೀಜ ಚಪ್ಪಟೆ, ಭರತಕ್ಕೆ ತೇಲಿಹೋಗುತ್ತದೆ. ಹೊಳೆಯ ನೀರಲ್ಲೇ ಒಂದು ದಿನ ನೆನೆಸಿದರೆ ಮೇಲಿನ ತೆಳು ಸಿಪ್ಪೆ ಜಾರಿಬಿಡುತ್ತದೆ. ಆಮೇಲೆ ಕೆಸರು ತುಂಬಿದ ಪಾಲಿಥೀನ್ ಚೀಲದಲ್ಲಿ ಮೆಲ್ಲಗೆ ಒತ್ತಬೇಕು. ಚೀಲಗಳನ್ನು ಭರತದ ನೀರು ಮುಟ್ಟಿ ಹೋಗುವ ಕಡೆ ಸಾಲಾಗಿ ಇಟ್ಟರೆ ನೀರು ಹಾಕುವ ಕೆಲಸವೇ ಇಲ್ಲ. ನೆಡುವಾಗ ಚೀಲ ಹರಿದು ತೆಗೆದು ವಾಪಸ್ ತನ್ನಿ. ಅಲ್ಲೇ ಬಿಸಾಡಿ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಉಪ್ಪಟ್ಟಿಗೆ ಇಷ್ಟು ಕಷ್ಟ ಯಾಕೆ ಅಂತ ಕೇಳುತ್ತಾರೆ. ಕೋಡು ಸುಲಭ ಅಂತ ಎಲ್ಲಾ ಕಡೆ ಮುಕ್ರೊನಾಟಾ ಒಂದನ್ನೇ ನೆಟ್ಟರೆ ಅದು ತೋಟವಾಗುತ್ತದೆ, ಕಾಡಾಗುವುದಿಲ್ಲ. ತಾನಾಗಿ ಬೆಳೆದ ಕಡೆ ಉಪ್ಪಟ್ಟಿ, ಕಂಡೇಲಿಯಾ, ಸೊನೆರೇಷಿಯಾ ಎಲ್ಲಾ ಬೆರೆತಿರುತ್ತವೆ, ಹಿಂದೆ ದಡಕ್ಕೆ ಹೊಳೆಚುಳ್ಳಿ. ಒಂದೊಂದು ಉಪ್ಪನ್ನು ನಿಭಾಯಿಸುವ ರೀತಿ ಬೇರೆ. ರೈಜೋಫೊರಾ ಬೇರಿನಲ್ಲೇ ಬಹುಪಾಲು ಉಪ್ಪನ್ನು ಸೋಸಿಬಿಡುತ್ತದೆ. ಉಪ್ಪಟ್ಟಿ ಒಳಗೆ ಬಿಟ್ಟುಕೊಂಡು ಎಲೆಯಿಂದ ಹೊರಗೆ ಹಾಕುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅದರ ಎಲೆ ನೆಕ್ಕಿ ನೋಡಿ, ನಾಲಿಗೆಗೆ ಉಪ್ಪು ಸಿಗುತ್ತದೆ. ಶಾಲೆ ಮಕ್ಕಳು ಬಂದಾಗ ನಾನು ಮೊದಲು ಮಾಡಿಸುವುದು ಇದನ್ನೇ.

ಉಪ್ಪಟ್ಟಿಯ ಬೇರು ಪೆನ್ಸಿಲ್‌ನಂತೆ ಕೆಸರಿನಿಂದ ಮೇಲಕ್ಕೆ ಎದ್ದು ಉಸಿರಾಡುತ್ತದೆ. ಇದು ಗೊತ್ತಿಲ್ಲದೆ ಆದ ಒಂದು ಅನಾಹುತ ಇದೆ. ರಸ್ತೆ ಕೆಲಸದ ಗುತ್ತಿಗೆದಾರರೊಬ್ಬರು ಮಿಕ್ಕಿದ ಮಣ್ಣನ್ನು ಒಂದು ಹಳೇ ಉಪ್ಪಟ್ಟಿ ಗುಂಪಿನ ಬುಡದಲ್ಲಿ ಸುರಿದರು. ಒಂದು ರೆಂಬೆಯನ್ನೂ ಕಡಿಯಲಿಲ್ಲ. ಬೇರು ಮುಚ್ಚಿಹೋಯಿತು, ಮರಗಳು ನಿಂತಲ್ಲೇ ಒಣಗಿದವು. ಕಾಂಡ್ಲಾಕ್ಕೆ ಕಾನೂನಿನ ರಕ್ಷಣೆ ಇಲ್ಲ ಅಂತಲ್ಲ. 1991ರಿಂದಲೇ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. 2019ರ ಅಧಿಸೂಚನೆಯಲ್ಲಿ ಕಾಂಡ್ಲಾ ಇರುವ ಜಾಗ ಮೊದಲ ವಲಯದಲ್ಲೇ ಬರುತ್ತದೆ. 1,000 ಚದರ ಮೀಟರಿಗಿಂತ ದೊಡ್ಡ ತೋಪಿನ ಸುತ್ತ 50 ಮೀಟರ್ ಬಿಡಬೇಕು ಅಂತಲೂ ಇದೆ. ಮರ ಕಡಿದರೆ ಎಲ್ಲರಿಗೂ ಕಾಣುತ್ತದೆ, ಮಣ್ಣು ಸುರಿದರೆ ಯಾರಿಗೂ ಅಪರಾಧ ಅಂತಲೇ ಅನಿಸುವುದಿಲ್ಲ.

ಆರೈಕೆಯಲ್ಲಿ ಹೇಳುವಂಥದ್ದು ಎರಡೇ. ಎಮ್ಮೆ ಮತ್ತು ಕಸ. ಎಮ್ಮೆಗೆ ಉಪ್ಪಟ್ಟಿ ಸೊಪ್ಪು ರುಚಿ, ಕಟ್ಟಿ ಸಾಕಿ ಅಂತ ಊರಲ್ಲಿ ಹೇಳಬೇಕು, ಹೇಳುತ್ತಲೇ ಇರಬೇಕು. ತೇಲಿ ಬರುವ ಪ್ಲಾಸ್ಟಿಕ್ ತಡೆಯಲು ಹೊಳೆಯ ಕಡೆಗೆ ಗೂಟ ಹೊಡೆದು ಹಳೇ ಬಲೆ ಕಟ್ಟಿದ್ದೆವು. ಸಸಿ ಮೊಣಕಾಲೆತ್ತರ ಬಂದ ಮೇಲೆ ಬಿಚ್ಚಿದೆವು. ಬಿಚ್ಚದಿದ್ದರೆ ಅದೇ ಹಕ್ಕಿಗಳಿಗೆ ಉರುಳು.

ಕಟ್ಟೆಯ ಹೊರಗಿನ ಕೆಲಸ ಹೆಚ್ಚು ಕಡಿಮೆ ನಾವು ಅಂದುಕೊಂಡ ಹಾಗೆ ಆಯಿತು. ತಲೆನೋವು ಒಳಗಡೆ. ಬಿತ್ತನೆ ನಿಲ್ಲಿಸಿ ಪಾಳುಬಿಟ್ಟ ಒಂದು ಗಜನಿಯಲ್ಲಿ ಕಟ್ಟೆ ಎರಡು ಕಡೆ ಒಡೆದಿತ್ತು. ಯಾರೂ ಕಟ್ಟಲಿಲ್ಲ. ಭರತ ತಾನೇ ಬೀಜ ತಂದು ಹಾಕಿತು. ಯಾರೂ ನೆಡದೆ, ಒಂದು ರೂಪಾಯಿ ಖರ್ಚಿಲ್ಲದೆ ಬಂದ ಕಾಂಡ್ಲಾ ನಾನು ನೆಟ್ಟಿದ್ದಕ್ಕಿಂತ ಚೆನ್ನಾಗಿದೆ. ಜಾತಿಯೂ ಹೆಚ್ಚು. ಇದನ್ನು ನೋಡಿದರೆ ನಾವು ನರ್ಸರಿ ಮಾಡುವುದೇ ಬೇಡ, ನೀರಿಗೆ ದಾರಿ ಬಿಟ್ಟರೆ ಸಾಕು ಅನಿಸುತ್ತದೆ. ಆದರೆ ಪಕ್ಕದ ಗದ್ದೆಯವರಿಗೆ ಇದೇ ಹೆದರಿಕೆ. ಒಮ್ಮೆ ಒಳಗೆ ಕಾಂಡ್ಲಾ ಬೇರುಬಿಟ್ಟರೆ ಕಡಿಯುವಂತಿಲ್ಲ, ಕಗ್ಗ ಬಿತ್ತುವಂತಿಲ್ಲ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಈಗಲೇ ಕಗ್ಗ ಬೆಳೆಯುವವರು ಕಡಿಮೆ. ಮಾಣಿಕಟ್ಟಾದಂಥ ಕೆಲವೇ ಕಡೆ ಅದು ಉಳಿದಿದೆ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಸುಮಾರು 4,801 ಹೆಕ್ಟೇರ್. ಆಮೇಲೆ ಈ ಜಗಳ ಇನ್ನೂ ಜೋರಾಗಿದೆ. ಗದ್ದೆ ಹೋಗುತ್ತದೆ ಅಂತ ಒಬ್ಬರು, ಕಾಡು ಬರಲಿ ಅಂತ ಇನ್ನೊಬ್ಬರು. ನನ್ನ ಲೆಕ್ಕದಲ್ಲಿ ಹೊರಗೆ ಕಾಂಡ್ಲಾ, ಒಳಗೆ ಕಗ್ಗ, ನಡುವೆ ಗಟ್ಟಿ ಜಂತ್ರಡಿ ಇದ್ದರೆ ಎರಡೂ ಉಳಿಯುತ್ತವೆ. ಪಾಳುಬಿದ್ದ ಗಜನಿಯ ಬಾಗಿಲು ಹಾಕಬೇಕೋ ತೆರೆದೇ ಇಡಬೇಕೋ ಅಂತ ಪಾಲುದಾರರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಕೊಯ್ಲು ಮುಗಿದ ಮೇಲೆ ಮತ್ತೆ ಸಭೆ ಕರೆದಿದ್ದಾರೆ. ಬಳಚು ತೆಗೆಯುವ ಹೆಂಗಸರನ್ನೂ ಈ ಸಲ ಕರೆಯಲೇಬೇಕು ಅಂತ ನಾನು ಹಟ ಹಿಡಿದಿದ್ದೇನೆ.