ಫುಲ್ ಥ್ರಾಟಲ್‌ಗೆ ಆಫ್ ಆಗುತ್ತಿದ್ದ ಆರ್‌ಸಿ ಕಾರು

ದಾವಣಗೆರೆಯಲ್ಲಿ ಕೆಟ್ಟ ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರು ಕೊಂಡು, ರಿಪೇರಿ ಮಾಡಿ ಮಾರುತ್ತೇನೆ. 1,800 ರೂಪಾಯಿಗೆ ತಂದ ಒಂದು ಕಾರು ನಿಧಾನಕ್ಕೆ ಚೆನ್ನಾಗಿ ಓಡುತ್ತಿತ್ತು. ಹೈಸ್ಕೂಲ್ ಮೈದಾನದಲ್ಲಿ ಫುಲ್ ಥ್ರಾಟಲ್ ಕೊಟ್ಟರೆ ಎರಡೇ ಸೆಕೆಂಡಿಗೆ ಆಫ್. ಮೋಟಾರ್ ಬದಲಿಸಿದೆ, ರಿಮೋಟನ್ನು ಕಾರಿಗೆ ಮತ್ತೆ ಬೈಂಡ್ (ಜೋಡಣೆ) ಮಾಡಿದೆ, ಹೊಸ 2ಎಸ್ ಲಿಪೊ (ಎರಡು ಸೆಲ್‌ನ ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿದೆ. ಸುಮ್ನೆ ದುಡ್ಡು ಹೋಯ್ತು.

ಕೊನೆಗೆ ಚಕ್ರಕ್ಕೆ ಲೋಡ್ ಕೊಟ್ಟು ಮೀಟರ್ ಹಿಡಿದೆ. ಬ್ಯಾಟರಿ ಕಡೆ 7.7 ವೋಲ್ಟ್, ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಕಡೆ 5.9. ನಡುವಿನ ಕನೆಕ್ಟರ್ ಪಿನ್ ಸುಟ್ಟು ಕಪ್ಪಾಗಿತ್ತು. ಬ್ಯಾಟರಿ ಖಾಲಿ ಎಂದುಕೊಂಡು ಇಎಸ್‌ಸಿ ಕಟ್ ಮಾಡುತ್ತಿತ್ತು, ಅಷ್ಟೇ.

ಎರಡೂ ಕಡೆ ಹೊಸ ಎಕ್ಸ್‌ಟಿ60 ಕನೆಕ್ಟರ್ ಹಾಕಿದೆ. ಬ್ಯಾಟರಿಯ ಒಂದು ವಯರ್ ಕತ್ತರಿಸಿ, ಬೆಸುಗೆ ಹಾಕಿ, ಮುಚ್ಚಿದ ಮೇಲೆಯೇ ಇನ್ನೊಂದನ್ನು ಮುಟ್ಟಿ. ಒಟ್ಟಿಗೆ ಕತ್ತರಿಸಿದರೆ ಶಾರ್ಟ್ ಆಗುತ್ತದೆ. ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬೆಸುಗೆ ಮುಚ್ಚುವ ಕೊಳವೆ) ಮೊದಲೇ ತೂರಿಸಿಡಿ. ಬೆಸುಗೆ ಹಾಕುವಾಗ ಎದುರು ಬದಿಗೆ ಖಾಲಿ ಕನೆಕ್ಟರ್ ಸಿಕ್ಕಿಸಿ, ಆಗ ಪಿನ್ ವಾಲುವುದಿಲ್ಲ. 60 ವ್ಯಾಟ್ ಸೋಲ್ಡರಿಂಗ್ ಐರನ್ ಬೇಕು, 25 ಸಾಲದು.

ಈಗ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್. ಕಾರು 4,500ಕ್ಕೆ ಹೋಯಿತು.